ಧಣಿ ಕಾಪಾಡಿದ ಹಾಡು

ಮಾನ್ಯ ವಾಚಕ ಮಹಾಶಯರೇ, ಹಳೆಯ ಸಿ.ಡಿ.ಗಳಲ್ಲಿರುವ ಧ್ವನಿಯನ್ನು ಉಳಿಸುವ ಸಲುವಾಗಿ ಊರೂರು ಅಲೆಯುವ ಈ ಬಡಪಾಯಿಯು ರಾಮನಗರದ ಕೋಣೆಯೊಂದರಲ್ಲಿ ಸಿಕ್ಕಿಕೊಂಡ ವೃತ್ತಾಂತವನ್ನು ಅವಧಾನವಿಟ್ಟು ಆಲಿಸಬೇಕಾಗಿ ಪ್ರಾರ್ಥನೆ.

ಗಂಗಹನುಮಯ್ಯ ಚಿಲಕ ಹಾಕಿದರು. "ಧೂಳು ಬಂದ್ಬುಡ್ತದೆ. ಕೆಲ್ಸ ಮುಗಿಯೋಗಂಟ ಯಾರೂ ಆಚೆಗೋಗಂಗಿಲ್ಲ."

ಅದು ಅವರ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ಕಚೇರಿ. ಕಿಟಕಿಯಿರಲಿಲ್ಲ. ಗೂಡು ಬೇಯುವ ವಾಸನೆ ಒಳಗೇ ಹೆಪ್ಪುಗಟ್ಟಿತ್ತು. ಮೂಲೆಯಲ್ಲಿ ದೊಡ್ಡಲಕ್ಷ್ಮಮ್ಮ ನಿಂತಿದ್ದಳು. ಮೂವತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಕೆಲಸಗಾತಿ, ವಾಸವೂ ಧಣಿಯ ವಠಾರದಲ್ಲೇ. ಗಂಟಲಿನ ಆಪರೇಷನ್ ಆದ ಮೇಲೆ ಅವಳ ದನಿ ಪಿಸುಮಾತಿಗಿಳಿದಿತ್ತು. ಹಿಂದೊಮ್ಮೆ ಅವಳು ಹಾಡಿದ್ದನ್ನು ನಮ್ಮ ಧ್ವನಿ ಭಂಡಾರದವರು ಎರಡು ಸಿ.ಡಿ.ಗಳಿಗೆ ಇಳಿಸಿದ್ದರು. ಭಂಡಾರದ ಪ್ರತಿಯಲ್ಲಿ ಧ್ವನಿ ಹಿಡಿದಿಡುವ ಬಣ್ಣದ ಪದರ ಮಾಸಿ, ಅದು ಓದಲಾಗದಂತೆ ಸತ್ತಿತ್ತು. ಧಣಿಗೆ ಕೊಟ್ಟಿದ್ದ ಪ್ರತಿಯೊಂದೇ ಉಳಿದಿತ್ತು.

"ಇಪ್ಪತ್ತು ವರ್ಷ ಬೀರುವಲ್ಲಿ, ಕತ್ಲಲ್ಲಿ, ರೇಷ್ಮೆ ಸುತ್ತಿ ಮಡಗಿವ್ನಿ," ಎಂದರು ಗಂಗಹನುಮಯ್ಯ. "ನಮ್ಮಪ್ಪನ ಮ್ಯಾಲೆ ಕಟ್ಟಿದ ಹಾಡು. ಇಲ್ಲಿ ಬೆಂಕಿ ಬಿದ್ದು ಇವಳ ತಂಗಿ ಸತ್ಲಲ್ಲ, ಅದೇ ತಿಂಗ್ಳು ಇವಳು ಹಾಡಿದ್ಲು. ಅಂಥಾ ನಿಯತ್ತು."

ದೊಡ್ಡಲಕ್ಷ್ಮಮ್ಮ ನನ್ನತ್ತ ಬಾಗಿದಳು. "ಪೂರ್ತಿ ಬತ್ತದಾ ಸಾಮಿ? ಒಸಿನೂ ಬುಡದಂಗೆ?"

"ಸಾಯೋ ವಯಸ್ಸಲ್ಲಿ ಇವಳಿಗೆ ಸ್ಟಾರ್ ಆಗೋ ಆಸೆ," ಧಣಿ ನಕ್ಕರು.

ಸಿ.ಡಿ.ಯನ್ನು ಲ್ಯಾಪ್‌ಟಾಪಿನ ಡ್ರೈವಿಗೆ ಹಾಕಿ ನಕಲು ಆರಂಭಿಸಿದೆ. ಡ್ರೈವ್ ತಡವರಿಸಿತು. ನೂರಕ್ಕೆ ನಲವತ್ತರಲ್ಲಿ ನಿಂತೇಬಿಟ್ಟಿತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ವೇಗ ತಗ್ಗಿಸಿ ಮತ್ತೆ ಓದಿಸಿದೆ. ಒಂದು ಗಂಟೆ ಕಳೆಯಿತು. ಮೂವರ ಉಸಿರಿಗೆ ಕೋಣೆಯೇ ಬೆಂದಿತು. ಕೊನೆಗೆ ನೂರು. ನಕಲು ಲ್ಯಾಪ್‌ಟಾಪಿಗೆ ಸೇರಿತು.

ಅದನ್ನು ಇಬ್ಬರಿಗೂ ಕೇಳಿಸಿದೆ. ಹಾಡು ನಿರ್ಮಲವಾಗಿತ್ತು. ಧಣಿಯ ಕಣ್ಣು ತೇವಗೊಂಡಿತು. ಹಾಡು ಮುಗಿದು ಯಂತ್ರಗಳ ಗದ್ದಲ ಆರಂಭವಾಯಿತು.

"ನಿಲ್ಸಿ. ಮುಂದೆ ಬರೀ ಮಿಷಿನ್ ಸದ್ದು. ನಾನು ಯಾವತ್ತೂ ಇಲ್ಲಿಗೇ ನಿಲ್ಸೋದು."

"ಕೊನೆಯವರೆಗೂ ಪರೀಕ್ಷಿಸಬೇಕು," ಎಂದೆ.

ಹತ್ತು ನಿಮಿಷದ ಗದ್ದಲ. ಆಮೇಲೆ ಅದೇ ಹೆಣ್ಣುದನಿ, ಮೈಕಿನ ತೀರ ಹತ್ತಿರ:

"ಧಣೀನೂ ರೆಕಾರ್ಡ್ ಮಾಡೋರೂ ಟೀಗೋಗವ್ರೆ. ಈ ರೆಕಾರ್ಡಿಗೇ ಹೇಳ್ತೀನಿ. ಪೊಲೀಸ್ನೋರ ಮುಂದೆ ಬಾಗ್ಲು ತೆಗ್ದಿತ್ತು ಅಂತ ಸುಳ್ಳೇಳ್ಬುಟ್ಟೆ, ಗಂಗಹನುಮಯ್ಯ ಧಣಿ ನನ್ ಪಕ್ಕದಲ್ಲೇ ನಿಂತಿದ್ರು. ಬೆಂಕಿ ಬಿದ್ದಾಗ ಬಾಗ್ಲಿಗೆ ಆಚೆಯಿಂದ ಬೀಗ ಹಾಕಿದ್ದೋರು ಅವ್ರೇ. ನನ್ ತಂಗಿ ಒಳಗಿಂದ ಬಡೀತಾನೇ ಇದ್ಲು."

ಗಂಗಹನುಮಯ್ಯ ಸಿ.ಡಿ.ಯನ್ನು ಕಿತ್ತು ಎರಡು ತುಂಡು ಮಾಡಿದರು. ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿ, ಚಿಲಕ ತೆಗೆದು ಹೊರಟೆ. ಠಾಣೆಯ ದಾರಿ ತೋರಿಸಲು ದೊಡ್ಡಲಕ್ಷ್ಮಮ್ಮ ಮುಂದಾದಳು.

"ನಮ್ಮಪ್ಪನ ಹಾಡು ಹಾಡ್ಬುಟ್ಟು, ಹಿಂಗಾ ಮಾಡೋದು?" ಹಿಂದಿನಿಂದ ಧಣಿಯ ದನಿ.

ಅವಳು ತಿರುಗಿ ಪಿಸುಗುಟ್ಟಿದಳು: "ಹಾಡಿಲ್ದಿದ್ರೆ ನೀವು ಇದನ್ನ ಇಪ್ಪತ್ತು ವರ್ಷ ಜ್ವಾಪಾನ ಮಾಡ್ತಿದ್ರಾ, ಧಣಿ?"