ಕಿವಿಯ ಕೆಲಸ

ಕರೆಗಂಟೆ ಸದ್ದಾಯಿತು. ಹೊಲಿಗೆ ಯಂತ್ರದ ಬಳಿ ಮಲಗಿದ್ದ ಕರಿಯ ನಾಯಿ ಚಂಗನೆ ಎದ್ದು, ಯಂತ್ರ ತುಳಿಯುತ್ತಿದ್ದ ಮಗಳನ್ನು ದಾಟಿಕೊಂಡು ಹೋಗಿ, ಕಿಟಕಿಯ ಪಕ್ಕ ಕುಳಿತಿದ್ದ ತಾಯಿಯ ಕೈಗೆ ಮೂತಿ ತಾಗಿಸಿತು. ತಾಯಿ ನೋಯುವ ಮೊಣಕಾಲನ್ನೂ ಮರೆತು ಎದ್ದಳು. ಮಗಳ ಭುಜ ತಟ್ಟಿ ಬಾಗಿಲು ತೋರಿಸಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಗಂಟೆಯ ಗುಂಡಿ ನಾಯಿಯ ತರಬೇತುದಾರನ ಕೈಯಲ್ಲಿತ್ತು. ಅವನು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ.

"ಅಮ್ಮಾ, ಅದರ ಕೆಲಸ ಮತ್ತೆ ನೀವೇ ಮಾಡಿಬಿಟ್ಟಿರಲ್ಲ" ಎಂದ.

ಜ್ವರವೊಂದು ಮಗಳ ಕಿವಿಯನ್ನು ಕಿತ್ತುಕೊಂಡು ಹೋದಂದಿನಿಂದ ತಾಯಿಯೇ ಆ ಮನೆಯ ಕಿವಿ. ಸದ್ದು ಕೇಳಿದರೆ ಮಗಳನ್ನು ಮೂತಿಯಿಂದ ತಟ್ಟಿ, ಸದ್ದಾದ ಕಡೆಗೆ ಕರೆದೊಯ್ಯಲು ಈ ನಾಯಿಯನ್ನು ತಯಾರು ಮಾಡಿದ್ದರು. ತರಬೇತಿಯ ಮನೆಯಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಇಲ್ಲಿಗೆ ಬಂದ ಮೇಲೆ, ತಾಯಿಗೆ ಹೇಳಿದರೆ ಸಾಕು, ಉಳಿದದ್ದು ತಾನಾಗಿಯೇ ಆಗುತ್ತದೆ ಎಂದು ಕಂಡುಕೊಂಡಿತ್ತು. ಇವತ್ತು ಮಗಳ ಬಳಿಗೆ ಹೋಗದಿದ್ದರೆ ವಾಪಸು ಕರೆದೊಯ್ಯಬೇಕಾಗುತ್ತದೆ ಎಂದು ತರಬೇತುದಾರ ಮೊದಲೇ ಹೇಳಿದ್ದ. ಮುಂದಿನ ವಾರ ತಾಯಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರುವವಳು. ನಾಯಿ ಇಲ್ಲದಿದ್ದರೆ ಮಗಳು ಹೊಲಿಗೆ ನಿಲ್ಲಿಸಿ ಅಣ್ಣನ ಮನೆಗೆ ಹೋಗಿ ಇರಬೇಕೆಂದು ಅಣ್ಣ ಹಟ ಹಿಡಿದಿದ್ದ.

ತರಬೇತುದಾರನ ತುಟಿಗಳನ್ನು ಓದುತ್ತಿದ್ದ ಮಗಳು ನಕ್ಕಳು. "ನಾನು ಅಣ್ಣನ ಮನೆಗೆ ಹೋಗಲ್ಲ. ಅತ್ತಿಗೆ ನನ್ನ ಹತ್ರ ಕಿರುಚಿ ಕಿರುಚಿ ಮಾತಾಡ್ತಾರೆ. ನನಗೊಬ್ಬಳಿಗೆ ಬಿಟ್ಟು ಬೀದಿಗೆಲ್ಲ ಕೇಳಿಸುತ್ತೆ. ನಾಯಿ ಕಲಿಯುತ್ತೆ ಬಿಡಿ. ಅಮ್ಮ ಕಲಿಯೋದೇ ಕಷ್ಟ."

ತರಬೇತುದಾರ ತಾಯಿಯ ಸೆರಗಿನ ಗಂಟಿನಲ್ಲಿದ್ದ ಬಿಸ್ಕತ್ತನ್ನೆಲ್ಲ ಬಿಚ್ಚಿಸಿ ಮಗಳ ಜೇಬಿಗೆ ಹಾಕಿಸಿದ. ಗಂಟೆಯಾದಾಗ ತಾಯಿ ಅಲುಗಾಡಬಾರದು, ನಾಯಿಯ ಮುಖವನ್ನೂ ನೋಡಬಾರದು ಎಂದ.

"ದೇವರು ಕೊಟ್ಟ ಕಿವಿ ಕಣಪ್ಪ. ಇಲ್ಲ ಅಂದ್ಕೊಂಡು ಹೇಗೆ ಕೂತಿರಲಿ?"

"ಸ್ವಲ್ಪ ಹೊತ್ತು ತಾಯಿ. ದೇವರಿಗೆ ನಾನು ಹೇಳ್ಕೋತೀನಿ."

ಮತ್ತೆ ಗಂಟೆಯಾಯಿತು. ನಾಯಿ ನೇರವಾಗಿ ತಾಯಿಯ ಬಳಿಗೇ ಬಂತು. ಮೂತಿ ತಾಗಿಸಿತು. ಕಾಯಿತು. ಮುಂಗಾಲನ್ನು ಅವಳ ಮಡಿಲ ಮೇಲಿಟ್ಟಿತು. ತಾಯಿ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಅವಳ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು. ಹಾಲು ಉಕ್ಕಿದರೆ, ಮಗು ಅತ್ತರೆ, ಬಾಗಿಲು ತಟ್ಟಿದರೆ ಏಳುವುದೇ ಅವಳ ಬದುಕಾಗಿತ್ತು. ಕುಳಿತಿರುವುದೂ ಒಂದು ಕೆಲಸವೆಂದು, ಅದಕ್ಕೆ ಇಷ್ಟು ಶಕ್ತಿ ಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಗಂಟೆ ಬಿಡದೆ ಹೊಡೆದುಕೊಳ್ಳುತ್ತಿತ್ತು. ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟಳು.

ನಾಯಿ ಕೋಣೆಯ ನಡುವೆ ನಿಂತು ಕುಂಯ್‌ಗುಟ್ಟಿತು. ಮಗಳ ಯಂತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು. ಆಮೇಲೆ ಅದು ನಿಧಾನವಾಗಿ ನಡೆದುಹೋಗಿ, ತುಳಿಯುತ್ತಿದ್ದ ಕಾಲಿಗೆ ಮೂತಿಯಿಂದ ಒತ್ತಿತು. ಯಂತ್ರ ನಿಂತಿತು. ಮಗಳು "ಏನೋ?" ಎಂದು ಕೈಯಾಡಿಸಿ ಕೇಳಿದಳು. ನಾಯಿ ಬಾಗಿಲವರೆಗೆ ಓಡಿ, ಬರುತ್ತಿದ್ದಾಳೋ ಇಲ್ಲವೋ ಎಂದು ಹಿಂದಿರುಗಿ ನೋಡಿತು. ಮಗಳು ಬಂದು ಬಾಗಿಲು ತೆರೆದು, ಖಾಲಿ ಹೊಸ್ತಿಲಿಗೆ ದೊಡ್ಡದಾಗಿ ನಮಸ್ಕಾರ ಮಾಡಿ, ಬಿಸ್ಕತ್ತು ಕೊಟ್ಟಳು. ಆ ಬಳಿಕ ಎಷ್ಟು ಸಲ ಗಂಟೆ ಒತ್ತಿದರೂ ನಾಯಿ ದಾರಿ ತಪ್ಪಲಿಲ್ಲ. ಇನ್ನು ಇದು ನಿಮ್ಮದೇ ಎಂದ ತರಬೇತುದಾರ.

ಹೊರಡುವ ಮುನ್ನ ಅವನು ತಾಯಿಯನ್ನು ಅಡುಗೆಮನೆಗೆ ಕರೆದೊಯ್ದ. "ಇನ್ನೊಂದು ಪಾಠ ಉಳಿದಿದೆ. ಮಗಳನ್ನ ಇಲ್ಲಿಂದ ಕೂಗಿ. ಮನೇಲಿ ಕರೆಯೋ ಹೆಸರು ಹಿಡಿದು."

"ಅವಳಿಗೆಲ್ಲಿ ಕೇಳಿಸುತ್ತೆ?"

"ನಾಯಿಗೆ ಕೇಳಿಸುತ್ತೆ. ಆ ಹೆಸರನ್ನ ಅದಕ್ಕೆ ಕಲಿಸಿದೀನಿ."

ತಾಯಿ ಆಚೆ ಕೋಣೆಯ ಕಡೆಗೆ ತಿರುಗಿದಳು. ಜ್ವರದ ಆ ವರ್ಷದಿಂದ ಅವಳು ಮಗಳನ್ನು ಕೂಗಿದವಳೇ ಅಲ್ಲ. ಬೇಕಾದಾಗ ನಡೆದುಹೋಗಿ ಮುಟ್ಟುತ್ತಿದ್ದಳು, ಅಷ್ಟೆ. ಮೊದಲ ಸಲ ಪಿಸುಗುಟ್ಟಿದಂತಾಯಿತು. ಎರಡನೆಯ ಸಲ, ಬೀದಿಯಲ್ಲಿ ಆಡುತ್ತಿರುವ ಹುಡುಗಿಯನ್ನು ಊಟಕ್ಕೆ ಕರೆಯುವಂತೆ ರಾಗ ಎಳೆದು ಕೂಗಿದಳು.

"ಗುಬ್ಬೀ..."

ಆಚೆ ಕೋಣೆಯಲ್ಲಿ ಯಂತ್ರ ನಿಂತಿತು. ನಾಯಿಯ ಉಗುರಿನ ಸದ್ದು, ಅದರ ಹಿಂದೆ ಚಪ್ಪಲಿಯ ಸದ್ದು. ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಕರೆದ್ಯಾ ಅಮ್ಮ?"

ತಾಯಿ ತಟ್ಟೆ ಎತ್ತಿಕೊಂಡು, "ಹೂಂ, ಊಟಕ್ಕೆ ಬಾ" ಎಂದಳು.