ಬಾಗಿಲಿನ ಕಣ್ಣು

“ಸಾರ್, ಈ ಬಾಗಿಲಿನ ಕಣ್ಣೆಲ್ಲಿ?”

ಗ್ಯಾರೇಜಿನ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮೆಕ್ಯಾನಿಕ್ ಕೇಳಿದ್ದು ಇಷ್ಟೇ. ಮನೆಯ ಯಜಮಾನನ ನೋಟ ಮಾತ್ರ ನೆಟ್ಟಗೆ ಹೋಗಿ ಮೂಲೆಯ ಶೆಲ್ಫಿನಲ್ಲಿದ್ದ ಪೇಂಟ್ ಡಬ್ಬಗಳ ಮೇಲೆ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಮೆಕ್ಯಾನಿಕ್ ಎದ್ದು ಹೋಗಿ ಡಬ್ಬ ಸರಿಸಿದ. ಹೊಸ್ತಿಲಿನ ಎರಡು ಬದಿಗೆ, ಪಾದದ ಎತ್ತರದಲ್ಲಿ ಇದ್ದು, ಕೆಳಗೆ ಯಾರಾದರೂ ಅಡ್ಡ ಬಂದರೆ ಬಾಗಿಲನ್ನು ತಡೆಯಬೇಕಾದ ಪುಟ್ಟ ಸೆನ್ಸರುಗಳು ಅಲ್ಲಿ ಟೇಪು ಸುತ್ತಿಸಿಕೊಂಡು, ಹೊಸದಾಗಿ ಮದುವೆಯಾದವರ ಹಾಗೆ ಒಂದರ ಮುಖವನ್ನು ಒಂದು ನೋಡುತ್ತ ಕೂತಿದ್ದವು.

ಯಜಮಾನ ಮೆಕ್ಯಾನಿಕ್‌ನನ್ನು ಕರೆಸಿದ್ದು ಬರೀ ಸದ್ದಿಗೆ. ಬಾಗಿಲು ಏರಿಳಿದಾಗಲೆಲ್ಲ ಕಿರ್ರೆಂದು ಅತ್ತೆಯ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿತ್ತು. ಚಕ್ರಗಳಿಗೆ ಎಣ್ಣೆ ಬಿಟ್ಟು, ಸಡಿಲವಾದ ಬೋಲ್ಟು ಬಿಗಿದು ಹೋಗಿದ್ದರೆ ಸಾಕಿತ್ತು. ಅದು ಅರ್ಧ ಗಂಟೆಯಲ್ಲಿ ಮುಗಿದೂ ಇತ್ತು. ಆದರೆ ಈ ಮನುಷ್ಯ ಪರೀಕ್ಷೆ ಮಾಡದೆ ಜಾಗ ಬಿಟ್ಟು ಕದಲುವ ಆಸಾಮಿಯಲ್ಲ.

ಮೂರು ವರ್ಷದ ಹಿಂದೆ ಈ ಬಾಗಿಲು ಹಾಕಿಸಿದಾಗ ಅತ್ತೆ ಅದರ ಹತ್ತಿರ ಸುಳಿಯಲೂ ಒಪ್ಪಿರಲಿಲ್ಲ. ಮಂಡಿನೋವಿನವರಿಗೆ ಮುಂದಿನ ಮೆಟ್ಟಿಲು ಆಗದು, ಗ್ಯಾರೇಜಿನ ದಾರಿಯೇ ಸಮ. ಆದರೂ ತಲೆಯ ಮೇಲೆ ಕತ್ತಿ ತೂಗುತ್ತಿದ್ದರೆ ಕೆಳಗೆ ಹೆಂಗೆ ಕಾಲಿಡಲಿ ಎಂದು ಅವರ ಹಟ. ಕೊನೆಗೆ ಅವನೇ ಬಾಗಿಲಿನ ಕೆಳಗೆ ಕೈಕಟ್ಟಿ ನಿಂತು, ಹೆಂಡತಿಯಿಂದ ಬಟನ್ ಒತ್ತಿಸಿದ್ದ. ಬಾಗಿಲು ಒಂದು ಗೇಣು ಇಳಿದು, ಅವನನ್ನು ಕಂಡಂತೆ ತಡೆದು, ಮರ್ಯಾದೆಯಿಂದ ಮೇಲೆ ಹೋಗಿತ್ತು. ನಮ್ಮ ಅಳಿಯಂದಿರದು ಒಂದೇ ಮಾತು ಎಂದು ಅತ್ತೆ ಬೀದಿಗೆಲ್ಲ ಸಾರಿದ್ದರು. ಅಂದಿನಿಂದ ದಿನಾ ಸಂಜೆ ಕೋಲೂರಿಕೊಂಡು ಬಂದು, ಸರಿಯಾಗಿ ಆ ಹೊಸ್ತಿಲ ಮೇಲೇ ನಿಂತು ಚಪ್ಪಲಿ ಸರಿಮಾಡಿಕೊಂಡು, ಪಕ್ಕದ ಮನೆಯಾಕೆಯ ಜೊತೆ ನಾಲ್ಕು ಮಾತಾಡಿ ಹೊರಡುವುದು ಅವರ ರೂಢಿ.

ಹೋದ ಬೇಸಿಗೆಯಲ್ಲಿ ಸಂಜೆಯ ಬಿಸಿಲು ನೇರವಾಗಿ ಸೆನ್ಸರಿನ ಮೇಲೆ ಬಿದ್ದು, ಬಾಗಿಲು ಅರ್ಧಕ್ಕೆ ಬಂದು ಬಂದು ವಾಪಸಾಗತೊಡಗಿತು. ಒಂದು ದಿನ ಅವನು ತಲೆಕೆಟ್ಟು, ಎರಡನ್ನೂ ಕಿತ್ತು ಎದುರುಬದುರು ಕಟ್ಟಿ ಶೆಲ್ಫಿಗೆ ಏರಿಸಿದ. ಅವು ಒಂದನ್ನೊಂದು ನೋಡುತ್ತಿರುವ ತನಕ ಕೆಳಗೆ ಯಾರೂ ಇಲ್ಲ ಎಂದೇ ಬಾಗಿಲಿನ ಲೆಕ್ಕ. ಬಾಗಿಲು ಸಾಧು ಹಸುವಿನ ಹಾಗೆ ಇಳಿಯಿತು. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ನಾಳೆ ಸರಿಮಾಡಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು. ಹತ್ತು ನಿಮಿಷದ ಕೆಲಸಕ್ಕೆ ಹತ್ತು ತಿಂಗಳಾದರೂ ಹತ್ತು ನಿಮಿಷ ಸಿಗಲಿಲ್ಲ. ಸಿಗದೆ ಹೋದದ್ದು ನೆಮ್ಮದಿಯೂ ಹೌದು. ಹೊರಟಾಗ ಬಾಗಿಲು ನೆಲ ಮುಟ್ಟುವ ತನಕ ಕಾರಿನ ಕನ್ನಡಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಆಫೀಸಿನಿಂದ ಫೋನ್ ಮಾಡಿ ಅತ್ತೆ ಏನು ಮಾಡುತ್ತಿದ್ದಾರೆ ಎಂದು ಕೇಳುತ್ತಿದ್ದ. ತನ್ನ ತಾಯಿಯ ಮೇಲೆ ಇವನಿಗೆಷ್ಟು ಅಕ್ಕರೆ ಎಂದು ಹೆಂಡತಿ ಹಿಗ್ಗುತ್ತಿದ್ದಳು.

“ತಾಗಿದ ಮೇಲಾದ್ರೂ ಬಾಗಿಲು ವಾಪಸ್ ಹೋಗುತ್ತಾ ನೋಡೋಣ,” ಎಂದು ಮೆಕ್ಯಾನಿಕ್ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಕೆಟ್ ತಂದು ಹೊಸ್ತಿಲ ಮೇಲೆ ಬೋರಲು ಹಾಕಿ ಬಟನ್ ಒತ್ತಿದ. ಬಾಗಿಲು ಇಳಿಯಿತು, ಬಕೆಟ್ಟಿಗೆ ತಾಗಿತು, ತಡೆಯಲಿಲ್ಲ. ಫಟಾರೆಂದು ಬಕೆಟ್ ಒಡೆಯಿತು. ಒತ್ತುವ ಬಲದ ತಿರುಪನ್ನೂ ಯಾರೋ ತುದಿಯವರೆಗೆ ತಿರುಗಿಸಿಟ್ಟಿದ್ದಾರೆ ಎಂದ ಮೆಕ್ಯಾನಿಕ್, ಬಾಗಿಲನ್ನು ಮತ್ತೆ ಮೇಲಕ್ಕೆ ಕಳಿಸುತ್ತ. ಆ ಯಾರೋ ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಎಲ್ಲ ಸದ್ದಿಲ್ಲದೆ ಮೊದಲಿನ ಹಾಗೆ ಮಾಡಿಬಿಡಪ್ಪ, ಮನೆಯಲ್ಲಿ ಗೊತ್ತಾಗುವುದು ಬೇಡ ಎಂದು ಪಿಸುಗುಟ್ಟಿದ. ಕಿತ್ತಾಗ ಸೆನ್ಸರ್ ಕೂರಿಸುವ ಹಿಡಿ ಮುರಿದಿದೆ, ಹೊಸದು ನಾಳೆ ತರಬೇಕು ಎಂದಿತು ಉತ್ತರ.

“ಅಲ್ಲೀವರೆಗೂ ಯಾರೂ ಇದರ ಕೆಳಗೆ ಓಡಾಡಬಾರದು. ಮನೇಲಿ ಹೇಳಿಬಿಡಿ ಸಾರ್. ಹೇಳೋದಕ್ಕೆ ಸ್ಪೇರ್ ಪಾರ್ಟ್ ಬೇಕಾಗಿಲ್ಲ.”

ಅಷ್ಟರಲ್ಲಿ ಸದ್ದು ಕೇಳಿ ಅತ್ತೆಯೇ ಕೋಲು ಕುಟ್ಟಿಕೊಂಡು ಬಂದರು. ಗಿಡಕ್ಕೆ ನೀರು ಹಾಕುವ ತಮ್ಮ ಬಕೆಟ್ಟಿನ ಗತಿ ನೋಡಿದರು. ಅಳಿಯ ಪೇಂಟ್ ಡಬ್ಬಗಳನ್ನು ಮತ್ತೆ ಮೊದಲಿನ ಜಾಗಕ್ಕೆ ಸರಿಸತೊಡಗಿದ. ಮೆಕ್ಯಾನಿಕ್ಕೇ ಹೇಳಿದ, ಅಮ್ಮ, ಈ ಬಾಗಿಲಿನ ಕೆಳಗೆ ನಿಲ್ಲಬೇಡಿ, ಅಪಾಯ. ಅತ್ತೆ ನಕ್ಕುಬಿಟ್ಟರು. ರಿಪೇರಿಯವರು ಹೆದರಿಸದೆ ಇದ್ದರೆ ಅವರ ಹೊಟ್ಟೆ ತುಂಬುವುದಾದರೂ ಹೇಗೆ ಎಂದರು. ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತ ಯಜಮಾನನ ಮುಖ ನೋಡಿದ.

“ನೀವೇ ಹೇಳಿ ಅಳಿಯಂದಿರೇ. ಹೇಳೋದೇನು, ಅವತ್ತಿನ ಹಾಗೆ ಒಂದ್ಸಲ ನಿಂತು ತೋರಿಸಿಬಿಡಿ, ಇವರೂ ನೋಡಲಿ.”

ಅತ್ತೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಾಗಿಲಿನ ರಿಮೋಟ್ ತೆಗೆದುಕೊಂಡರು. ಅವನು ನಾಲ್ಕು ಹೆಜ್ಜೆ ನಡೆದು ಹೊಸ್ತಿಲ ತನಕ ಹೋದ. ಒಡೆದ ಬಕೆಟ್ಟಿನ ಚೂರು ಕಾಲಿಗೆ ತಾಗಿತು. ತಲೆಯೆತ್ತಿ ಮೇಲೆ ಮಡಿಸಿಕೊಂಡು ನಿಂತಿದ್ದ ಬಾಗಿಲನ್ನು ನೋಡಿದ. ಐದನೆಯ ಹೆಜ್ಜೆ ಏಳಲಿಲ್ಲ.

ಅತ್ತೆ ಬಟನ್ನಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕಾಯುತ್ತಿದ್ದರು.

“ಯಾಕೆ ಅಲ್ಲೇ ನಿಂತುಬಿಟ್ರಿ? ಇನ್ನೊಂದು ಹೆಜ್ಜೆ ಮುಂದೆ ಬನ್ನಿ. ನಾನು ದಿನಾ ನಿಲ್ಲೋದು ಅಲ್ಲೇ ಅಲ್ವಾ?”