ಒಂದು ಬದಿಯ ಹಿಮ

"ನಲವತ್ತು ವರ್ಷ ಗೌಂಡಿ ಕೆಲಸ ಮಾಡೀನ್ರೀ. ನಾ ಹಾಕಿದ್ದು ಒಂದು ಮಾಳಿಗಿನೂ ಬಿದ್ದಿಲ್ಲ. ನಿಮ್ಮದು ಹೆಂಗ ಬಿತ್ತು?"

ತಿಂಗಳಿಂದ ಎಂಜಿನಿಯರ್‌ನನ್ನೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಲಡಾಖಿನ ರಸ್ತೆ ಕಾರ್ಮಿಕರ ಶೆಡ್ಡಿಗೆ ಚಾವಣಿಯ ವಿನ್ಯಾಸ ಮಾಡಿದ್ದು ಅವನೇ. ಅದರಡಿ ಸಿಕ್ಕು ಸತ್ತವನು ಈ ಗೌಂಡಿಯ ಮಗ ಫಕೀರೇಶ.

ಎಂಜಿನಿಯರ್ ಕಂಪ್ಯೂಟರಿನಲ್ಲಿ ಹಿಮದ ಭಾರವನ್ನು ಮತ್ತೊಮ್ಮೆ ಹಾಕಿ ತೋರಿಸಿದ. "ನೋಡ್ರಿ ಯಜಮಾನ್ರ, ಅವತ್ತು ಬಿದ್ದಷ್ಟೂ ಹಿಮ ಹೇರೀನಿ. ತೊಲಿ ಎಲ್ಲಾ ಹಸರು ಅದಾವ. ಅಂದ್ರ ತಡೀಬೇಕಿತ್ತು."

"ತಡೀಲಿಲ್ಲಲ್ರೀ!" ಗೌಂಡಿ ಮೇಜು ಗುದ್ದಿ, ಮೊಬೈಲನ್ನು ಮುಂದೆ ಹಿಡಿದ. "ಅವತ್ತ ಮುಂಜಾನೆ ಕಳಿಸಿದ ಫೋಟೊ ಇದು."

ಚಾವಣಿಯ ಮೇಲೆ ಫಕೀರೇಶ ಸಲಿಕೆ ಹಿಡಿದು ನಗುತ್ತಿದ್ದ. ಒಂದು ಇಳಿಜಾರು ಬೋಳಾಗಿತ್ತು. ಇನ್ನೊಂದರ ಮೇಲೆ ಎರಡೂ ಬದಿಯ ಹಿಮ ರಾಶಿ ಬಿದ್ದಿತ್ತು.

ಎಂಜಿನಿಯರ್ ಭಾರವನ್ನೆಲ್ಲ ಒಂದೇ ಬದಿಗೆ ಸರಿಸಿದ. ತೊಲೆಗಳು ಒಂದೊಂದಾಗಿ ಕೆಂಪಾದವು. ತಿಂಗಳಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು.

"ಹಿಂಗ ಒಂದ ಕಡೆ ರಾಶಿ ಹಾಕಾಕ ಅವಂಗ ಯಾರ್ ಹೇಳಿದ್ರು?"

"ಯಾರ್ ಹೇಳ್ತಾರ್ರೀ, ನಾನ. ನೀ ಮಲಗೋ ಕಡೆ ಹಗುರ ಮಾಡ್ಕೊ, ತಗದದ್ದು ಆ ಕಡೆ ಹಾಕು ಅಂತ ಫೋನಿನ್ಯಾಗ ಹೇಳಿದ್ದೆ. ನನ್ನ ಮಾತು ಒಂದೂ ಮೀರತಿರಲಿಲ್ಲ." ಗೌಂಡಿ ಟವೆಲಿನಿಂದ ಕಣ್ಣೊರೆಸಿಕೊಂಡು ಪರದೆಯನ್ನೇ ನೋಡಿದ. "ಕೆಂಪಗಾತಲ್ರೀ. ಏನದು?"

ಎಂಜಿನಿಯರ್ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ.

"ಕೆಂಪಂದ್ರ ತಪ್ಪು ನಂದು ಅಂತ, ಯಜಮಾನ್ರ. ಹಿಮದ ಲೆಕ್ಕ ನಾನ ಕಡಿಮಿ ಹಿಡಿದಿದ್ದೆ."